ಶ್ರವಣ–ದೃಷ್ಟಿ ದೋಷವಿರುವವರ ಫೋನಿಗೆ ಬ್ರೈಲ್ ಡಿಸ್‌ಪ್ಲೇ ಜೋಡಿಸುವ ಕ್ರಮ

ಆಸೆಯಿಂದ ತಂದ ಬ್ರೈಲ್ ಡಿಸ್‌ಪ್ಲೇ (ಪರದೆಯ ಬರಹವನ್ನು ಬೆರಳಿಗೆ ಸಿಗುವ ಚುಕ್ಕೆಗಳಾಗಿ ಎಬ್ಬಿಸುವ ಯಂತ್ರ) ಸ್ವಲ್ಪ ದಿನಕ್ಕೇ ಬೀರು ಸೇರಿತು ಎಂಬ ದೂರು ಮಡಿಕೇರಿಯಿಂದಲೂ ಬರುತ್ತದೆ, ಗೋಣಿಕೊಪ್ಪದಿಂದಲೂ ಬರುತ್ತದೆ. ಹೆಚ್ಚಿನ ಸಲ ಯಂತ್ರ ಕೆಟ್ಟಿರುವುದಿಲ್ಲ, ಫೋನೂ ಸರಿಯಾಗಿಯೇ ಇರುತ್ತದೆ. ಕೆಡುವುದು ಕೆಲಸದ ಕ್ರಮ. "ಹೇಗೂ ಕೇಳಿಸುವುದಿಲ್ಲವಲ್ಲ" ಎಂದು ಮನೆಯವರು ಮೊದಲ ದಿನವೇ ಫೋನಿನ ಮಾತು, ಅಂದರೆ ಪರದೆಯಲ್ಲಿರುವುದನ್ನು ಅದು ಓದಿ ಹೇಳುವ ದನಿ, ನಿಲ್ಲಿಸಿಬಿಡುತ್ತಾರೆ. ಮರುದಿನ ಬ್ಲೂಟೂತ್ ಕಡಿದುಹೋದಾಗ ಪಕ್ಕದಲ್ಲಿ ಕೂತ, ಕಿವಿ ಕೇಳಿಸುವವರಿಗೂ ಫೋನಿನಲ್ಲಿ ಏನಾಗುತ್ತಿದೆ ಎಂದು ತಿಳಿಯುವುದಿಲ್ಲ. ಅಲ್ಲಿಗೆ ಕೆಲಸ ನಿಂತಿತು.

ಕಣ್ಣು ಮಾತ್ರ ಕಾಣಿಸದವರಿಗೆ ಡಿಸ್‌ಪ್ಲೇ ಕೈಕೊಟ್ಟರೂ ಫೋನಿನ ಮಾತು ಉಳಿದಿರುತ್ತದೆ. ಕಿವಿಯೂ ಕೇಳಿಸದವರಿಗೆ ಆ ಚುಕ್ಕೆಗಳ ಸಾಲು ಬಿಟ್ಟರೆ ಫೋನಿಗೆ ಬೇರೆ ದಾರಿ ಇಲ್ಲ. ಆದ್ದರಿಂದ ಯಾವ ಹಂತದಲ್ಲೂ ಅವರು ಏನೂ ತಿಳಿಯದೆ ಕೂರುವಂತಾಗಬಾರದು. ಕೆಳಗಿನ ಹಂತಗಳ ಕ್ರಮ ಇದನ್ನೇ ನೋಡಿಕೊಂಡು ಮಾಡಿದ್ದು, ದಯವಿಟ್ಟು ಹಿಂದೆಮುಂದೆ ಮಾಡಬೇಡಿ.

## 1. ಮೊದಲು ಬೆರಳು, ಆಮೇಲೆ ಯಂತ್ರ

ಫೋನು ಬಳಸುವವರಿಗೆ ಬ್ರೈಲ್ ಓದಲು ಬರುತ್ತದೆಯೇ? ಬರುವುದಾದರೆ ಕನ್ನಡ ಬ್ರೈಲೋ, ಇಂಗ್ಲಿಷ್ ಬ್ರೈಲೋ, ಎರಡೂ ಬರುತ್ತದೆಯೋ? ಇಂಗ್ಲಿಷ್ ಆದರೆ ಹಲವು ಅಕ್ಷರಕ್ಕೆ ಒಂದೇ ಸಂಕೇತ ಬಳಸುವ ಸಂಕ್ಷಿಪ್ತ ಬ್ರೈಲ್ ಕಲಿತಿದ್ದಾರೆಯೋ, ಅಕ್ಷರಕ್ಕೊಂದು ಸೆಲ್‌ನಂತೆ (ಸೆಲ್ ಎಂದರೆ ಚುಕ್ಕೆಗಳ ಒಂದು ಗುಂಪು) ಓದುತ್ತಾರೆಯೋ? ಇದನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ನಾಲ್ಕನೇ ಹಂತ ಪೂರ್ತಿ ಈ ಉತ್ತರದ ಮೇಲೆ ನಿಂತಿದೆ.

ಅಷರ್ ಸಿಂಡ್ರೋಮ್ ಇರುವವರಲ್ಲಿ ಕೇಳುವ ತೊಂದರೆ ಸಾಮಾನ್ಯವಾಗಿ ಮೊದಲು ಗೊತ್ತಾಗುತ್ತದೆ, ದೃಷ್ಟಿ ವರ್ಷಗಳ ಮೇಲೆ ನಿಧಾನವಾಗಿ ಕುಗ್ಗುತ್ತದೆ. ಅಂಥವರು ಸ್ವಲ್ಪವಾದರೂ ಕಾಣಿಸುತ್ತಿರುವಾಗಲೇ ಬ್ರೈಲ್ ಕಲಿಯಲು ಶುರುಮಾಡುವುದು ಒಳ್ಳೆಯದು. ಬ್ರೈಲನ್ನೂ ಫೋನನ್ನೂ ಒಟ್ಟಿಗೆ ಕಲಿಸಲು ಹೋದರೆ ಎರಡೂ ಅರ್ಧಕ್ಕೆ ನಿಲ್ಲುತ್ತವೆ.

ಇನ್ನೊಂದು ತಪ್ಪು ತಿಳುವಳಿಕೆಯನ್ನು ಇಲ್ಲೇ ಬಿಡಿಸಿಬಿಡೋಣ. ಗಾಜಿನ ಪರದೆಯ ಮೇಲೆ ಆರು ಬೆರಳಿಟ್ಟು ಬ್ರೈಲ್ ಟೈಪ್ ಮಾಡುವ ಸೌಲಭ್ಯ ಐಫೋನಿನಲ್ಲೂ ಇದೆ, ಆಂಡ್ರಾಯ್ಡ್‌ನಲ್ಲಿ ಪರದೆ ಓದಿ ಹೇಳುವ ಟಾಕ್‌ಬ್ಯಾಕ್‌ನಲ್ಲೂ 2020ರಿಂದ ಇದೆ. "ಫೋನಿನಲ್ಲೇ ಬ್ರೈಲ್ ಇದೆಯಂತೆ, ಬೇರೆ ಯಂತ್ರ ಯಾಕೆ" ಎಂದು ಕೇಳುವವರು ಇದನ್ನೇ ಕಂಡಿರುತ್ತಾರೆ. ಅದು ಬರೆಯಲು ಮಾತ್ರ. ಬರೆದದ್ದು ಏನೆಂದು ಫೋನು ಹೇಳುವುದು ದನಿಯಲ್ಲಿ. ಓದಬೇಕಾದರೆ ಚುಕ್ಕೆ ಏಳುವ ಡಿಸ್‌ಪ್ಲೇ ಬೇಕೇ ಬೇಕು.

## 2. ಸಾಮಾನು ಒಟ್ಟುಮಾಡಿ

ಬೇಕಾದದ್ದು ಇಷ್ಟು: ಫೋನು, ಬ್ರೈಲ್ ಡಿಸ್‌ಪ್ಲೇ, ಎರಡರ ಚಾರ್ಜರು, ಒಂದು ಪವರ್ ಬ್ಯಾಂಕ್, ಕಣ್ಣೂ ಕಿವಿಯೂ ಸರಿಯಿರುವ ಒಬ್ಬ ಸಹಾಯಕ, ಮತ್ತು ಆ ಸಹಾಯಕರ ಸ್ವಂತ ಫೋನು. ಈ ಎರಡನೇ ಫೋನನ್ನು ಹಲವರು ಮರೆಯುತ್ತಾರೆ. ಪರೀಕ್ಷೆಗೆ ಸಂದೇಶ ಕಳುಹಿಸಲು ಅದು ಬೇಕು. ಪಕ್ಕದಲ್ಲೇ ಕೂತು ಮಾತಾಡುವುದಕ್ಕೂ ಆಮೇಲೆ ಅದೇ ಬಳಕೆಗೆ ಬರುತ್ತದೆ.

ಡಿಸ್‌ಪ್ಲೇಯಲ್ಲಿ 14, 20, 40 ಸೆಲ್‌ನವು ಸಿಗುತ್ತವೆ. ಆರ್ಬಿಟ್ ರೀಡರ್ 20, ಮುಂಬೈಯಲ್ಲಿ ರೂಪುಗೊಂಡ ಬ್ರೈಲ್‌ಮಿ, ಎರಡೂ 20 ಸೆಲ್‌ನವು. ಸಂದೇಶ ಓದುವುದಕ್ಕೆ 20 ಸಾಕು ಎಂಬುದು ನನ್ನ ಅಭಿಪ್ರಾಯ. 40 ಸೆಲ್‌ನಲ್ಲಿ ಉದ್ದ ಬರಹ ಆರಾಮವಾಗಿ ಓದಬಹುದು, ಆದರೆ ಬೆಲೆಯೂ ತೂಕವೂ ಏರುತ್ತದೆ. ಕೊಳ್ಳುವ ಮೊದಲು ನಿಮ್ಮ ಫೋನಿಗೆ ಅದೇ ಮಾದರಿ ಹೊಂದುತ್ತದೆಯೇ ಎಂದು ಮಾರುವವರಿಂದ ಬರಹದಲ್ಲಿ ಕೇಳಿ ಪಡೆಯಿರಿ. ಆಂಡ್ರಾಯ್ಡ್ ಆದರೆ ಟಾಕ್‌ಬ್ಯಾಕ್ 13 ಅಥವಾ ಅದಕ್ಕಿಂತ ಹೊಸದಿರಲಿ, ಡಿಸ್‌ಪ್ಲೇ ಬೆಂಬಲ ಟಾಕ್‌ಬ್ಯಾಕ್ ಒಳಗೇ ಬಂದದ್ದು ಅದರಿಂದ. ಅದಕ್ಕೂ ಹಳೆಯ ಫೋನುಗಳಿಗೆ ಬ್ರೈಲ್‌ಬ್ಯಾಕ್ ಎಂಬ ಬೇರೆ ಆ್ಯಪ್ ಇತ್ತು, ಈಗ ಅದರ ಹಿಂದೆ ಬೀಳಬೇಡಿ.

ಸರ್ಕಾರಿ ನೆರವಿಗೆ ಅರ್ಜಿ ಹಾಕುವುದಿದ್ದರೆ ಯುಡಿಐಡಿ ಕಾರ್ಡು (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಮೊದಲು ಮಾಡಿಸಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಶ್ರವಣ–ದೃಷ್ಟಿ ದೋಷ ಬಹುವಿಧ ಅಂಗವೈಕಲ್ಯದ ಅಡಿ ಬರುತ್ತದೆ, ಅರ್ಜಿಯಲ್ಲಿ ಹಾಗೆಯೇ ಬರೆಸಿ. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಈ ಕಾಗದಪತ್ರದ ದಾರಿ ಗೊತ್ತಿರುತ್ತದೆ.

## 3. ಸ್ಕ್ರೀನ್ ರೀಡರ್ ಹಾಕಿ, ಡಿಸ್‌ಪ್ಲೇ ಜೋಡಿಸಿ

ಪರದೆಯಲ್ಲಿರುವುದನ್ನು ಓದಿ ಹೇಳುವ, ಡಿಸ್‌ಪ್ಲೇಗೂ ಕಳುಹಿಸುವ ಸೌಲಭ್ಯವೇ ಸ್ಕ್ರೀನ್ ರೀಡರ್. ಐಫೋನಿನಲ್ಲಿ ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ವಾಯ್ಸ್‌ಓವರ್. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಟಾಕ್‌ಬ್ಯಾಕ್. ಹಾಕಿದ ಕೂಡಲೇ ಪರದೆಯ ನಡವಳಿಕೆ ಬದಲಾಗುತ್ತದೆ: ಒಮ್ಮೆ ಮುಟ್ಟಿದರೆ ಆಯ್ಕೆ, ಎರಡು ಸಲ ತಟ್ಟಿದರೆ ತೆರೆಯುವುದು. ಸಹಾಯಕರು ಗಾಬರಿಯಾಗಿ ಆಫ್ ಮಾಡಲು ಹೋಗುವುದು ಇಲ್ಲೇ. ಹತ್ತು ನಿಮಿಷ ಸುಮ್ಮನೆ ಆಡಿಸಿ ಅಭ್ಯಾಸ ಮಾಡಿಕೊಳ್ಳಿ, ನಂತರ ಮುಂದುವರಿಯಿರಿ. ಮಾತಿನ ದನಿ ಹಾಗೆಯೇ ಇರಲಿ.

ಇದರ ಜೊತೆಗೇ ಸ್ಕ್ರೀನ್ ರೀಡರ್ ಶಾರ್ಟ್‌ಕಟ್ ಹಾಕಿಡಿ. ಆಂಡ್ರಾಯ್ಡ್‌ನಲ್ಲಿ ಎರಡೂ ವಾಲ್ಯೂಮ್ ಗುಂಡಿಗಳನ್ನು ಮೂರು ಸೆಕೆಂಡು ಒತ್ತಿ ಹಿಡಿಯುವುದು. ಐಫೋನಿನಲ್ಲಿ ಪಕ್ಕದ ಗುಂಡಿಯನ್ನು ಸಾಲಾಗಿ ಮೂರು ಸಲ ಒತ್ತುವುದು. ಐಫೋನಿನವರು ಒಂದು ನಿಮಿಷ ನಿಲ್ಲಿ: ಭಾರತದಲ್ಲಿ ಅದೇ ಮೂರು ಒತ್ತುಗಳಿಗೆ ತುರ್ತು ಕರೆಯ ಏರ್ಪಾಡೂ ಇದೆ. ಎಮರ್ಜೆನ್ಸಿ ಎಸ್‌ಒಎಸ್ ಪುಟ ತೆರೆದು, ಮೂರು ಒತ್ತು ಈಗ ಯಾವುದಕ್ಕೆ ಹೋಗುತ್ತದೆ ಎಂದು ಖಚಿತ ಮಾಡಿಕೊಂಡೇ ಶಾರ್ಟ್‌ಕಟ್ ಪ್ರಯೋಗಿಸಿ.

ಈಗ ಜೋಡಣೆ. ಡಿಸ್‌ಪ್ಲೇಯ ಬ್ಲೂಟೂತ್ ಆನ್ ಮಾಡಿ. ಒಂಟಿಯಾಗಿ ಪುಸ್ತಕ ಓದುವ ಮತ್ತು ಫೋನಿನ ಜೊತೆ ಕೆಲಸ ಮಾಡುವ ಎರಡು ಬಗೆ ಇರುವ ಯಂತ್ರವಾದರೆ, ಎರಡನೆಯದಕ್ಕೆ ಬದಲಿಸಿ. ಐಫೋನಿನಲ್ಲಿ ಸಾಮಾನ್ಯ ಬ್ಲೂಟೂತ್ ಪುಟಕ್ಕೆ ಹೋಗಬೇಡಿ. ವಾಯ್ಸ್‌ಓವರ್ ಒಳಗಿನ ಬ್ರೈಲ್ ಪುಟದ ಕೆಳಭಾಗದಲ್ಲಿ ಡಿಸ್‌ಪ್ಲೇಗಳ ಪಟ್ಟಿ ಇರುತ್ತದೆ, ಅಲ್ಲಿಂದಲೇ ಆರಿಸಿ. ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್ ಸೆಟ್ಟಿಂಗ್ಸ್ ಒಳಗಿನ ಬ್ರೈಲ್ ಡಿಸ್‌ಪ್ಲೇ ಪುಟದಿಂದ. ಪಿನ್ ಕೇಳಿದರೆ ಅದು ಪರದೆಯ ಮೇಲೆ ಬರುತ್ತದೆ, ಸಹಾಯಕರ ಕಣ್ಣು ತಪ್ಪದೆ ಬೇಕಾಗುವುದು ಈ ಒಂದು ಗಳಿಗೆಗೆ.

ಅಂಗಡಿಯಲ್ಲೋ ತರಬೇತಿಯಲ್ಲೋ ಆ ಡಿಸ್‌ಪ್ಲೇ ಬೇರೆ ಫೋನಿಗೆ ಜೋಡಣೆಯಾಗಿದ್ದರೆ ಹಳೆಯ ಗೆಳೆತನ ಬಿಡುವುದಿಲ್ಲ. ಪಟ್ಟಿಯಲ್ಲಿ ಹೆಸರು ಕಂಡರೂ ಸಂಪರ್ಕ ಕೂರುವುದಿಲ್ಲ. ಯಂತ್ರದ ನೆನಪಿನಿಂದ ಹಳೆಯ ಜೋಡಣೆಯನ್ನೆಲ್ಲ ಅಳಿಸಿ, ಮತ್ತೆ ಶುರುಮಾಡಿ.

## 4. ಬ್ರೈಲ್ ಟೇಬಲ್: ಹೆಚ್ಚಿನವರು ಸೋಲುವುದು ಇಲ್ಲಿ

ಚುಕ್ಕೆಗಳು ಎದ್ದವು, ಆದರೆ ಓದಿದರೆ ಅರ್ಥವಾಗುತ್ತಿಲ್ಲ. ಈ ದೂರಿನ ಮೂಲ ಬಹುಪಾಲು ಟೇಬಲ್. ಪರದೆಯ ಅಕ್ಷರವನ್ನು ಯಾವ ಚುಕ್ಕೆಗಳಾಗಿ ಎಬ್ಬಿಸಬೇಕು ಎಂದು ಫೋನಿಗೆ ಹೇಳುವುದೇ ಟೇಬಲ್. ಕನ್ನಡ ಸಂದೇಶ ಬಂದಾಗ ಇಂಗ್ಲಿಷ್ ಟೇಬಲ್ ಕೂತಿದ್ದರೆ ಬೆರಳಿಗೆ ಸಿಗುವುದು ತಲೆಬುಡವಿಲ್ಲದ ಸಾಲು.

ಬ್ರೈಲ್ ಪುಟದಲ್ಲಿ ಇಂಗ್ಲಿಷ್ ಜೊತೆಗೆ ಕನ್ನಡ ಟೇಬಲನ್ನೂ ಸೇರಿಸಿ. ಕೊಡವ ತಕ್ಕ್, ಅರೆಭಾಷೆಯ ಸಂದೇಶಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದರೆ ಅದೇ ಕನ್ನಡ ಟೇಬಲ್ ಓದಿಸುತ್ತದೆ, ಬೇರೆ ಏನೂ ಬೇಡ.

ಸರಿಯಾಗಿದೆಯೇ ಎಂದು ನೋಡಲು ಸಹಾಯಕರು ತಮ್ಮ ಫೋನಿನಿಂದ "ಮಡಿಕೇರಿ" ಎಂದು ಕನ್ನಡದಲ್ಲಿ ಕಳುಹಿಸಲಿ. ಕನ್ನಡವೂ ಸೇರಿ ಭಾರತೀಯ ಭಾಷೆಗಳಿಗೆ ಬಳಸುವ ಭಾರತಿ ಬ್ರೈಲ್‌ನಲ್ಲಿ ಸ್ವರಚಿಹ್ನೆ ವ್ಯಂಜನದ ನಂತರ ಪ್ರತ್ಯೇಕ ಸೆಲ್ಲಾಗಿ ಬರುತ್ತದೆ, 'ಅ'ಕಾರವನ್ನು ಬರೆಯುವುದಿಲ್ಲ. ಆದ್ದರಿಂದ ಏಳು ಸೆಲ್ ಸಿಗಬೇಕು: ಮ 1-3-4, ಡ 1-2-4-6, ಇ 2-4, ಕ 1-3, ಏ 1-5, ರ 1-2-3-5, ಇ 2-4. ನಂತರ "ಕನ್ನಡ" ಕಳುಹಿಸಲಿ. ಒತ್ತಕ್ಷರವಿರುವಲ್ಲಿ ಅರ್ಧ ವ್ಯಂಜನದ ಮುಂಚೆ 4ನೇ ಚುಕ್ಕೆಯ ಸೆಲ್ ಬರುತ್ತದೆ: 1-3, 4, 1-3-4-5, 1-3-4-5, 1-2-4-6. ಬ್ರೈಲ್ ಗೊತ್ತಿಲ್ಲದ ಸಹಾಯಕರೂ ಎದ್ದ ಚುಕ್ಕೆಗಳನ್ನು ಕಣ್ಣಲ್ಲಿ ಎಣಿಸಿ ತಾಳೆ ನೋಡಬಹುದು. ಎಡಸಾಲು ಮೇಲಿನಿಂದ 1, 2, 3, ಬಲಸಾಲು 4, 5, 6.

ಇನ್ನು ನಮ್ಮೆಲ್ಲರ ದುರಭ್ಯಾಸ, ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವುದು. ಅಂಥ ಸಂದೇಶ ಓದಲು ಇಂಗ್ಲಿಷ್ ಟೇಬಲ್ ಬೇಕು, ಜೊತೆಗೆ ಸಂಕ್ಷಿಪ್ತ ಬ್ರೈಲ್ ಆಫ್ ಇರಬೇಕು. ಆನ್ ಇದ್ದರೆ ಫೋನು "ಬಂದ" (banda) ಎಂಬುದರ ನಡುವೆ ಇಂಗ್ಲಿಷಿನ "ಆ್ಯಂಡ್" ಪದವನ್ನು ಕಂಡು, ಮೂರು ಅಕ್ಷರಕ್ಕೆ 1-2-3-4-6 ಎಂಬ ಒಂದೇ ಸೆಲ್ ಎಬ್ಬಿಸುತ್ತದೆ. ಕನ್ನಡ ಬ್ರೈಲ್ ಓದುವವರ ಬೆರಳಿಗೆ ಅದು 'ಷ'. ಓದುವವರ ತಪ್ಪೇನೂ ಇಲ್ಲ ಇದರಲ್ಲಿ. ಔಟ್‌ಪುಟ್ ಮತ್ತು ಇನ್‌ಪುಟ್ ಎರಡನ್ನೂ ಪ್ರತ್ಯೇಕವಾಗಿ ಹೊಂದಿಸಬೇಕೆಂಬುದು ನೆನಪಿರಲಿ, ಒಂದನ್ನು ಬದಲಿಸಿದರೆ ಇನ್ನೊಂದು ತಾನಾಗಿ ಬದಲಾಗುವುದಿಲ್ಲ.

## 5. ಮೊದಲು ಕಲಿಸಬೇಕಾದ ಆಜ್ಞೆಗಳು

ಪುಸ್ತಿಕೆಯಲ್ಲಿರುವ ಎಲ್ಲ ಆಜ್ಞೆ ಒಟ್ಟಿಗೆ ಕಲಿಸಬೇಡಿ. ಕೆಳಗಿನ ಅಂಕಿಗಳು ಡಿಸ್‌ಪ್ಲೇಯ ಚುಕ್ಕೆ ಕೀಲಿಗಳು, ಅವನ್ನು ಸ್ಪೇಸ್ ಕೀಲಿಯೊಡನೆ ಒಟ್ಟಿಗೆ ಒತ್ತಬೇಕು. ಐಫೋನಿನಲ್ಲೂ ಆಂಡ್ರಾಯ್ಡ್‌ನಲ್ಲೂ ಒಂದೇ ಆಗಿರುವ ಈ ನಾಲ್ಕರಿಂದ ಶುರುಮಾಡಿ: ಸ್ಪೇಸ್ ಜೊತೆ 4 ಮುಂದಿನ ಅಂಶ, ಸ್ಪೇಸ್ ಜೊತೆ 1 ಹಿಂದಿನ ಅಂಶ, ಸ್ಪೇಸ್ ಜೊತೆ 1-2-5 ಮುಖಪುಟ, ಸ್ಪೇಸ್ ಜೊತೆ 1-2 ಹಿಂದಕ್ಕೆ. ತೆರೆಯಲು ಸೆಲ್‌ನ ಮೇಲಿರುವ ರೂಟಿಂಗ್ ಕೀ ಒತ್ತುವುದು. ಐಫೋನಿನಲ್ಲಿ ಸ್ಪೇಸ್ ಜೊತೆ 3-6 ಕೂಡ ಅದೇ ಕೆಲಸ ಮಾಡುತ್ತದೆ, ರೂಟಿಂಗ್ ಕೀ ಇಲ್ಲದ ಡಿಸ್‌ಪ್ಲೇ ಆದರೆ ಇದೇ ಗತಿ. ಉದ್ದ ಸಾಲಿನ ಮುಂದಿನ ಭಾಗಕ್ಕೆ ಡಿಸ್‌ಪ್ಲೇಯ ಪಕ್ಕದ ಪ್ಯಾನಿಂಗ್ ಗುಂಡಿ.

ಇಷ್ಟರಲ್ಲೇ ಮುಖಪುಟದಿಂದ ಸಂದೇಶ ತೆರೆದು, ಓದಿ, ವಾಪಸು ಬರುವುದು ಕೈಗೆ ಕೂರಲಿ. ದಾರಿ ತಪ್ಪಿದಾಗ ಏನು ಮಾಡಬೇಕೆಂಬುದನ್ನೇ ಹೆಚ್ಚು ಅಭ್ಯಾಸ ಮಾಡಿಸಿ: ಎಲ್ಲಿದ್ದರೂ 1-2-5 ಒತ್ತಿ ಮುಖಪುಟಕ್ಕೆ ಬಂದು ಮತ್ತೆ ಹೊರಡುವುದು. ಅದು ಬೆರಳಿಗೆ ಬಂದ ಮೇಲೆ ಐಫೋನಿನವರಿಗೆ ಅಳಿಸುವ 1-4-5, ಸಾಲು ಮುಗಿಸುವ 1-5, ಅಧಿಸೂಚನೆಗೆ ಹೋಗುವ 4-6 ಹೇಳಿಕೊಡಿ, ಎಲ್ಲವೂ ಸ್ಪೇಸ್ ಜೊತೆಗೇ. ಆಂಡ್ರಾಯ್ಡ್‌ನಲ್ಲಿ ಅಧಿಸೂಚನೆಗೆ 1-3-4-5.

ಕಲಿಸುವಾಗ ಕಲಿಯುವವರ ಬೆರಳನ್ನು ಎಳೆದು ಕೀಲಿಯ ಮೇಲೆ ಒತ್ತಿಸಬೇಡಿ. ನಿಮ್ಮ ಕೈಯನ್ನು ಅವರ ಕೈಯ ಅಡಿಗೆ ಕೊಡಿ, ನೀವು ಒತ್ತುವುದನ್ನು ಅವರು ಮೇಲಿನಿಂದ ಅನುಭವಿಸಲಿ, ಆಮೇಲೆ ಅವರೇ ಒತ್ತಲಿ.

## 6. ಸಂದೇಶ ಬಂದದ್ದು ತಿಳಿಯಬೇಕಲ್ಲ

ಅಧಿಸೂಚನೆ ಬಂದಾಗ ಐಫೋನ್ ಅದನ್ನು ಡಿಸ್‌ಪ್ಲೇಯಲ್ಲಿ ಕೆಲವು ಸೆಕೆಂಡು ತೋರಿಸಿ ತೆಗೆದುಬಿಡುತ್ತದೆ. ಬೆರಳು ಬೇರೆಡೆ ಇದ್ದರೆ ತಪ್ಪಿಹೋಯಿತು. ಬ್ರೈಲ್ ಪುಟದಲ್ಲಿ ಈ ಅವಧಿಯನ್ನು ಹೆಚ್ಚಿಸಬಹುದು, ಮೊದಲ ತಿಂಗಳು ಉದಾರವಾಗಿ ಕೊಡಿ. ಪರದೆ ತಾನಾಗಿ ಲಾಕ್ ಆಗುವ ಸಮಯವನ್ನೂ ಹೆಚ್ಚಿಸಿ. ಅರ್ಧ ನಿಮಿಷಕ್ಕೆ ಲಾಕ್ ಆಗುವ ಫೋನಿನಲ್ಲಿ ಹೊಸಬರು ಒಂದು ಸಂದೇಶವನ್ನೂ ಮುಗಿಸಲಾರರು.

ಡಿಸ್‌ಪ್ಲೇ ಮುಂದೆ ಇಲ್ಲದಾಗ ಉಳಿಯುವುದು ಕಂಪನ. ಐಫೋನಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬಗೆಯ ಕಂಪನ ಕೊಡಬಹುದು: ಅವ್ವನಿಗೆ ಉದ್ದದ ಒಂದು, ಅಣ್ಣನಿಗೆ ಗಿಡ್ಡದ ಮೂರು. ಫೋನು ಮೇಜಿನ ಮೇಲಿದ್ದರೆ ಇದರಿಂದ ಏನೂ ಉಪಯೋಗವಿಲ್ಲ, ಜೇಬಿನಲ್ಲೋ ಸೊಂಟದ ಚೀಲದಲ್ಲೋ ಮೈಗೆ ತಾಗಿರಬೇಕು. ಮನೆಯವರು ಸಂದೇಶ ಕಳುಹಿಸಿ ಒಂದು ಮಿಸ್ಡ್ ಕಾಲ್ ಕೊಡುವ ರೂಢಿ ಮಾಡಿಕೊಳ್ಳಲಿ. ಕರೆ ಎತ್ತಬೇಕಿಲ್ಲ, "ಸಂದೇಶ ನೋಡು" ಎಂದಷ್ಟೇ ಅದರ ಅರ್ಥ.

ಐಫೋನಿನ ಸೌಂಡ್ ರೆಕಗ್ನಿಷನ್ ಬಾಗಿಲು ಬಡಿತ, ಕರೆಗಂಟೆ, ನಾಯಿ ಬೊಗಳುವುದನ್ನು ಗುರುತಿಸಿ ತಿಳಿಸುತ್ತದೆ. ಹಾಕಿಕೊಳ್ಳಿ. ಆದರೆ ಜುಲೈ ಮಳೆ ಹೆಂಚಿನ ಮೇಲೆ ಬಡಿಯುತ್ತಿರುವಾಗ ಅದನ್ನು ನಂಬಿ ಕೂರಬೇಡಿ.

## 7. ಮನೆಯವರು ಬದಲಿಸಬೇಕಾದ ಅಭ್ಯಾಸ

ತೋಟದ ವಾಟ್ಸಾಪ್ ಗುಂಪಿನಲ್ಲಿ "ಆನೆ ಬಂದಿದೆ, ಆ ಕಡೆ ಹೋಗಬೇಡಿ" ಎಂಬುದು ಧ್ವನಿ ಸಂದೇಶವಾಗಿ ಬಂದರೆ ಬ್ರೈಲ್ ಓದುವವರಿಗೆ ಸಿಗುವುದು ಇಷ್ಟು ಸೆಕೆಂಡಿನ ಧ್ವನಿ ಇದೆ ಎಂಬ ಮಾಹಿತಿ ಮಾತ್ರ. ಶಾಲೆಯ ಸುತ್ತೋಲೆ, ಕರೆಂಟ್ ತೆಗೆಯುವ ಪ್ರಕಟಣೆ, ಮದುವೆಯ ಕರೆಯೋಲೆ ಎಲ್ಲ ಫೋಟೊ. ಡಿಸ್‌ಪ್ಲೇಗೆ ಎಷ್ಟೇ ದುಡ್ಡು ಹಾಕಿದರೂ ಇವು ಚುಕ್ಕೆಗಳಾಗುವುದಿಲ್ಲ. ಫೋಟೊದಲ್ಲಿನ ಅಕ್ಷರ ಎತ್ತಿಕೊಡುವ ಆ್ಯಪ್‌ಗಳಿವೆ, ನಿಜ, ಆದರೆ ಅಲಂಕಾರದ ಕನ್ನಡ ಅಕ್ಷರದ ಮುಂದೆ ಅವು ಎಡವುತ್ತವೆ. ಮನೆಯಲ್ಲಿ ಒಬ್ಬರು ಹೊಣೆ ಹೊತ್ತು, ಮುಖ್ಯವಾದದ್ದನ್ನು ಎರಡು ಸಾಲಿನಲ್ಲಿ ಕನ್ನಡ ಲಿಪಿಯಲ್ಲಿ ಟೈಪ್ ಮಾಡಿ ಕಳುಹಿಸುವುದು ಯಾವ ಆ್ಯಪ್‌ಗಿಂತಲೂ ಮೇಲು. ಎಮೋಜಿ ಸುರಿಯಬೇಡಿ, ಒಂದೊಂದರ ಹೆಸರೂ ಡಿಸ್‌ಪ್ಲೇಯಲ್ಲಿ ಪದವಾಗಿ ಹರಡಿಕೊಳ್ಳುತ್ತದೆ.

ಎದುರೆದುರು ಮಾತಾಡುವುದಕ್ಕೂ ಇದೇ ದಾರಿ. ನೀವು ನಿಮ್ಮ ಫೋನಿನಲ್ಲಿ ಟೈಪ್ ಮಾಡಿ ಕಳುಹಿಸಿ, ಅವರು ಡಿಸ್‌ಪ್ಲೇಯಲ್ಲಿ ಓದಿ ಉತ್ತರಿಸಲಿ. ಅವರ ಫೋನನ್ನೇ ಕಸಿದುಕೊಂಡು ಟೈಪ್ ಮಾಡಲು ಹೋದರೆ ಸ್ಕ್ರೀನ್ ರೀಡರ್ ಆನ್ ಇರುವುದರಿಂದ ನಿಮಗೂ ತ್ರಾಸ, ಅವರಿಗೂ ತಾವು ಎಲ್ಲಿದ್ದೆವೆಂಬುದು ತಪ್ಪಿಹೋಗುತ್ತದೆ.

## 8. ಎಲ್ಲ ನಿಂತ ಮೇಲೆ ಮಾತು ನಿಲ್ಲಿಸಿ

ಒಂದು ವಾರ ತೊಂದರೆಯಿಲ್ಲದೆ ನಡೆದ ಮೇಲೆ ಈ ಹಂತಕ್ಕೆ ಬನ್ನಿ. ಅಷ್ಟರೊಳಗೆ ಈ ಪರೀಕ್ಷೆಗಳು ಆಗಿರಬೇಕು: ಡಿಸ್‌ಪ್ಲೇ ಆಫ್ ಮಾಡಿ ಆನ್ ಮಾಡಿದರೆ ತಾನಾಗಿ ಜೋಡಣೆಯಾಗುತ್ತದೆಯೇ? ಅಂಗಳಕ್ಕೆ ಹೋಗಿ ಬಂದರೆ? ಫೋನನ್ನೇ ರೀಸ್ಟಾರ್ಟ್ ಮಾಡಿದರೆ, ಬಳಸುವವರು ಒಬ್ಬರೇ ಪಾಸ್‌ಕೋಡ್ ಹಾಕಿ ಒಳಗೆ ಬರಬಲ್ಲರೇ? ರೀಸ್ಟಾರ್ಟ್ ನಂತರ ಬೆರಳಚ್ಚಾಗಲಿ ಮುಖ ಗುರುತಾಗಲಿ ನಡೆಯುವುದಿಲ್ಲ, ಪಾಸ್‌ಕೋಡೇ ಬೇಕು. ಅಂಕಿಗಳ ಪಾಸ್‌ಕೋಡ್ ಇಡಿ, ಬ್ರೈಲ್‌ನಲ್ಲಿ ಸಂಖ್ಯೆಯ ಮುಂಚೆ 3-4-5-6ರ ಸಂಖ್ಯಾಚಿಹ್ನೆ ಬರುವುದನ್ನು ಮರೆಯದೆ ಅಭ್ಯಾಸ ಮಾಡಿಸಿ.

ಎಲ್ಲದಕ್ಕೂ ಹೌದು ಎಂದಾದರೆ ಮಾತು ನಿಲ್ಲಿಸಿ. ಐಫೋನಿನಲ್ಲಿ ಸ್ಪೇಸ್ ಜೊತೆ 1-3-4, ಮತ್ತೆ ಒತ್ತಿದರೆ ಮಾತು ವಾಪಸು. ಇದನ್ನು ಸಹಾಯಕರೂ ಕಲಿತಿರಬೇಕು. ಆಂಡ್ರಾಯ್ಡ್‌ನಲ್ಲಿ ಆಕ್ಸೆಸಿಬಿಲಿಟಿ ವಾಲ್ಯೂಮ್ ಇಳಿಸಿದರೆ ಸಾಕು. ಮಾತು ನಿಲ್ಲಿಸುವುದು ಮರ್ಯಾದೆಯ ಪ್ರಶ್ನೆಯೂ ಹೌದು. ಬಸ್ಸಿನಲ್ಲಿ ಕೂತು ಖಾಸಗಿ ಸಂದೇಶ ಓದುತ್ತಿರುವಾಗ ಫೋನು ಅದನ್ನು ಗಟ್ಟಿಯಾಗಿ ಒದರುತ್ತಿದ್ದರೆ ಸುತ್ತಲಿನವರಿಗೆಲ್ಲ ಕೇಳಿಸುತ್ತದೆ, ಓದುವವರಿಗೆ ಮಾತ್ರ ಅದು ಗೊತ್ತಾಗುವುದಿಲ್ಲ. ಇದೇ ಕಾರಣಕ್ಕೆ ಸ್ಕ್ರೀನ್ ಕರ್ಟನ್ ಹಾಕಿ ಪರದೆಯನ್ನು ಕಪ್ಪು ಮಾಡಬಹುದು.

ಲಾಕ್ ಆದ ಫೋನಿನಲ್ಲೂ ಬೇರೆಯವರು ನೋಡಬಹುದಾದ ಮೆಡಿಕಲ್ ಐಡಿಯಲ್ಲಿ ಈ ಸಾಲು ಇರಲಿ: "ನನಗೆ ಕಣ್ಣು ಕಾಣಿಸುವುದಿಲ್ಲ, ಕಿವಿ ಕೇಳಿಸುವುದಿಲ್ಲ. ಹೆಗಲು ಮುಟ್ಟಿ, ಅಂಗೈ ಮೇಲೆ ದೊಡ್ಡ ಅಕ್ಷರ ಬರೆಯಿರಿ." ತುರ್ತು ಸಂಪರ್ಕಕ್ಕೆ ಇಬ್ಬರ ಸಂಖ್ಯೆ ಸೇರಿಸಿ. 112ಕ್ಕೆ ಕರೆ ಹೋದರೂ ಆ ಕಡೆಯವರ ಪ್ರಶ್ನೆ ಇವರಿಗೆ ಕೇಳಿಸದು. ಐಫೋನಿನ ಎಸ್‌ಒಎಸ್ ಕರೆಯ ನಂತರ ಇವರಿರುವ ಸ್ಥಳ ತುರ್ತು ಸಂಪರ್ಕದವರಿಗೆ ಸಂದೇಶವಾಗಿ ಹೋಗುತ್ತದೆ, ನಿಜವಾದ ಆಸರೆ ಅದೇ.

## 9. ಕೆಟ್ಟಿದೆ ಎನ್ನುವ ಮೊದಲು ಈ ಲಕ್ಷಣ ನೋಡಿ

ನಿನ್ನೆಯವರೆಗೆ ಸರಿಯಿದ್ದ ಇಂಗ್ಲಿಷ್ ಓದು ಇಂದು ಗೊಂದಲವಾಗಿದೆ: ಸ್ಪೇಸ್ ಜೊತೆ 1-2-4-5 ಕೈತಪ್ಪಿ ಒತ್ತಿರಬಹುದು. ಐಫೋನಿನಲ್ಲಿ ಅದು ಸಂಕ್ಷಿಪ್ತ ಬ್ರೈಲನ್ನು ಆನ್–ಆಫ್ ಮಾಡುತ್ತದೆ, ಇನ್ನೊಮ್ಮೆ ಒತ್ತಿ.

ಪರದೆ ಕಪ್ಪಾಗಿದೆ, ಆದರೆ ಡಿಸ್‌ಪ್ಲೇ ಓದಿಸುತ್ತಿದೆ: ಫೋನು ಸತ್ತಿಲ್ಲ, ಸ್ಕ್ರೀನ್ ಕರ್ಟನ್ ಬಿದ್ದಿದೆ. ಐಫೋನಿನಲ್ಲಿ ಮೂರು ಬೆರಳಿನಿಂದ ಮೂರು ಸಲ ತಟ್ಟಿ, ಅಥವಾ ಸ್ಪೇಸ್ ಜೊತೆ ಆರೂ ಚುಕ್ಕೆ ಒತ್ತಿ. ಇದು ಗೊತ್ತಿಲ್ಲದೆ ಕುಶಾಲನಗರಕ್ಕೋ ಮೈಸೂರಿಗೋ ರಿಪೇರಿಗೆ ಒಯ್ಯುವುದು ಸುಮ್ಮನೆ ಬಸ್ ಖರ್ಚು.

ಒಂದೇ ಸಾಲು ಎದ್ದು ನಿಂತಿದೆ, ಗುಂಡಿ ಒತ್ತಿದರೂ ಬದಲಾಗುತ್ತಿಲ್ಲ: ಸಂಪರ್ಕ ಕಡಿದಿದೆ. ಕೆಲವು ಡಿಸ್‌ಪ್ಲೇಗಳಲ್ಲಿ ಕೊನೆಯ ಸಾಲು ಹಾಗೆಯೇ ಉಳಿದುಬಿಡುತ್ತದೆ, ಓದುವವರು ಅದನ್ನೇ ಹೊಸದೆಂದು ಮತ್ತೆ ಮತ್ತೆ ಓದುತ್ತಿರುತ್ತಾರೆ. ಡಿಸ್‌ಪ್ಲೇ ಆಫ್ ಮಾಡಿ ಆನ್ ಮಾಡಿ.

ಒಂದೇ ಚುಕ್ಕೆ ಎಲ್ಲ ಪದದಲ್ಲೂ ಏಳುತ್ತಿಲ್ಲ, ಅಥವಾ ಇಳಿಯುತ್ತಿಲ್ಲ: ಸೆಟ್ಟಿಂಗ್ ಮುಟ್ಟಬೇಡಿ, ಪಿನ್ ಸಿಕ್ಕಿಕೊಂಡಿದೆ. ಸೂಜಿ ಹಾಕಿ ಎಬ್ಬಿಸಲು ಹೋದರೆ ಇಡೀ ಸೆಲ್ ಹಾಳು. ಮಾರಿದವರಿಗೇ ಕಳುಹಿಸಿ.

## 10. ಮಳೆಗಾಲಕ್ಕೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗೋಡೆಯೇ ಬೆವರುತ್ತದೆ, ಇನ್ನು ಸಣ್ಣ ಪಿನ್ನುಗಳ ಗತಿ ಕೇಳಬೇಕೆ. ಕೈ ತೊಳೆದು, ಪೂರ್ತಿ ಒರೆಸಿಕೊಂಡೇ ಡಿಸ್‌ಪ್ಲೇ ಮುಟ್ಟುವ ನಿಯಮ ಮಾಡಿ. ಬಳಸದಾಗ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ. ಒಲೆಯ ಹತ್ತಿರ ಇಟ್ಟು ಒಣಗಿಸುವುದು ಬೇಡ, ಹೊಗೆಯ ಮಸಿಯೂ ಬಿಸಿಯೂ ಎರಡೂ ಶತ್ರು.

ಕರೆಂಟ್ ಹೋದರೆ ಯಾವಾಗ ಬರುವುದೆಂದು ಹೇಳುವಂತಿಲ್ಲವಾದ್ದರಿಂದ ರಾತ್ರಿ ಮೂರನ್ನೂ ಚಾರ್ಜಿಗೆ ಹಾಕಿ: ಫೋನು, ಡಿಸ್‌ಪ್ಲೇ, ಪವರ್ ಬ್ಯಾಂಕ್. ಡೇಟಾ ಬಿದ್ದಾಗ ವಾಟ್ಸಾಪ್ ನಿಲ್ಲುತ್ತದೆ, ಸಿಗ್ನಲ್ ಒಂದು ಕಡ್ಡಿ ಇದ್ದರೂ ಎಸ್ಸೆಮ್ಮೆಸ್ ಹೋಗಬಹುದು. ಮುಖ್ಯ ಮಾತಿಗೆ ಎಸ್ಸೆಮ್ಮೆಸ್ ಬಳಸುವುದನ್ನು ಮೇ ತಿಂಗಳಲ್ಲೇ ಅಭ್ಯಾಸ ಮಾಡಿಸಿ. ಡಿಸ್‌ಪ್ಲೇಯನ್ನು ಕೇಬಲ್ ಮೂಲಕವೂ ಜೋಡಿಸಲು ನಿಮ್ಮ ಫೋನಿನಲ್ಲಿ ಸಾಧ್ಯವಿದ್ದರೆ ಆ ಕೇಬಲ್ ಅದೇ ಡಬ್ಬಿಯಲ್ಲಿರಲಿ.

ಫೋನಿನ ಅಪ್‌ಡೇಟ್ ತಾನಾಗಿ ಆಗುವುದನ್ನು ಆಫ್ ಮಾಡಿಡಿ. ಅಪ್‌ಡೇಟ್ ಆದ ಮೇಲೆ ಕೆಲವೊಮ್ಮೆ ಜೋಡಣೆ ಮತ್ತೆ ಮಾಡಬೇಕಾಗುತ್ತದೆ, ಪರದೆಯಲ್ಲಿ ಹೊಸ ಪ್ರಶ್ನೆಗಳು ಬರುತ್ತವೆ. ಸಹಾಯಕರು ಮನೆಗೆ ಬಂದ ದಿನ, ಬೆಳಗಿನ ಹೊತ್ತು, ಮಾತನ್ನು ಮತ್ತೆ ಆನ್ ಮಾಡಿಕೊಂಡು ಅಪ್‌ಡೇಟ್ ಹಾಕಿ. ಮುಗಿದ ಮೇಲೆ "ಮಡಿಕೇರಿ" ಎಂದು ಕಳುಹಿಸಿ ಏಳು ಸೆಲ್ ತಾಳೆ ನೋಡಿದ ನಂತರವೇ ಸಹಾಯಕರು ಹೊರಡಲಿ.